12 ವರ್ಷ ಅಡಿಕೆ ಶೆಡ್ಡಲ್ಲಿ ನಿಂತ 1978ರ ಪದ್ಮಿನಿ: ಮೊದಲು ಎಲ್ಲಿಗೆ ಕೈ ಹಾಕುವುದು?

ಪೆರ್ಲ_ಪದ್ಮಿನಿ (ಪ್ರಶ್ನೆ)

ಗಾಡಿ ಪ್ರೀಮಿಯರ್ ಪದ್ಮಿನಿ, 1978ರಲ್ಲಿ ಮಂಗಳೂರಲ್ಲಿ ರಿಜಿಸ್ಟರ್ ಆದದ್ದು, ಮೂರಕ್ಷರದ ಹಳೇ ನಂಬರ್. 1089 ಸಿಸಿ ಪೆಟ್ರೋಲ್ ಇಂಜಿನ್ ಕಂಪೆನಿಯದ್ದೇ, ಬದಲಾಗಿಲ್ಲ. ಈಗ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಅಡಿಕೆ ಶೆಡ್ಡಿನಲ್ಲಿ, ಮಣ್ಣಿನ ನೆಲದ ಮೇಲೆ. 12 ವರ್ಷದಿಂದ ಸ್ಟಾರ್ಟ್ ಮಾಡಿಲ್ಲ.

ಕಣ್ಣಿಗೆ ಕಾಣುವ ಸ್ಥಿತಿ ಹೀಗೆ: ನಾಲ್ಕೂ ಟಯರ್ ನೆಲಕ್ಕೆ ಕೂತಿವೆ. ಬಲಬದಿಯ ಹಿಂದಿನ ಚಕ್ರ ಅಲ್ಲಾಡುವುದಿಲ್ಲ, ಹ್ಯಾಂಡ್ ಬ್ರೇಕ್ ಬಿಟ್ಟೇ ಉಂಟು. ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿದರೆ ಅಂಗೈಯಗಲದ ತೂತು. ಬಾಗಿಲ ಕೆಳಗಿನ ಸಿಲ್ ಹೊರಗಿಂದ ಚಂದ ಕಾಣ್ತದೆ, ಆದರೆ ಬೆರಳಲ್ಲಿ ಬಡಿದರೆ ಮರ ಬಡಿದ ಹಾಗೆ ಶಬ್ದ. ಡ್ರೈವರ್ ಬಾಗಿಲು ಎತ್ತಿ ಹಾಕಬೇಕು. ಟ್ಯಾಂಕಿನ ಮುಚ್ಚಳ ತೆಗೆದರೆ ವಾರ್ನಿಶ್ ವಾಸನೆ. ಬಾನೆಟ್ ಒಳಗೆ ಇಲಿ ಗೂಡು, ವಯರ್ ಅರ್ಧ ತಿಂದು ಹಾಕಿದೆ.

ಒಬ್ಬ ಮೆಕ್ಯಾನಿಕ್ ಹೇಳುವುದು, "ಒಂದು ಬ್ಯಾಟರಿ, ಐದು ಲೀಟರ್ ಪೆಟ್ರೋಲ್ ತನ್ನಿ, ಇವತ್ತೇ ಸ್ಟಾರ್ಟ್ ಮಾಡಿ ತೋರಿಸ್ತೇನೆ" ಅಂತ. ಟಿಂಕರಿಂಗ್‌ನವರು ಸಿಲ್ ಮೇಲೆ ತಗಡು ಇಟ್ಟು ರಿವೆಟ್ ಹೊಡೆದರೆ ಸಾಕು ಅನ್ನುತ್ತಾರೆ. ಮೂರನೆಯವರ ಸಲಹೆ ಡೀಸೆಲ್ ಇಂಜಿನ್ ಕೂರಿಸುವುದು. ಮೊದಲು ಇಂಜಿನ್ನಾ, ಬಾಡಿಯಾ? ಕಾಸರಗೋಡು ಆರ್‌ಟಿಓದಲ್ಲಿ ಕೆಎಲ್ 14 ನಂಬರ್ ಮಾಡಿಸುವುದಾದರೆ ಎಂತ ಎಲ್ಲ ಬೇಕು? ಆರ್‌ಸಿ ಅವಧಿ ಮುಗಿದು ವರ್ಷಗಳಾಗಿವೆ.

ಸ್ಪ್ಯಾನರ್_ಹದಿನೇಳು

ಬ್ಯಾಟರಿ ತಂದು ಸೆಲ್ಫ್ ಹೊಡೆಯುವ ಮಾತೇ ಬೇಡ ಮಾರಾಯ್ರೆ. ಸ್ಟಾರ್ಟ್ ಆಗ್ಲೂಬಹುದು, ಆದರೆ ಅದರ ಬೆಲೆ ಆಮೇಲೆ ಗೊತ್ತಾಗ್ತದೆ. ಇಷ್ಟು ವರ್ಷ ನಿಂತಾಗ ಪಿಸ್ಟನ್ನಿನ ರಿಂಗ್ ಸಿಲಿಂಡರ್ ಗೋಡೆಗೆ ತುಕ್ಕು ಹಿಡಿದು ಅಂಟಿರ್ತದೆ, ವಾಲ್ವ್ ಕಾಂಡ ಜಾರುವ ಗೈಡ್‌ನಲ್ಲಿ ಹಳೇ ಪೆಟ್ರೋಲಿನ ಅಂಟು ಕೂತಿರ್ತದೆ, ಬೇರಿಂಗ್‌ನಲ್ಲಿ ಎಣ್ಣೆಯ ಪದರವೇ ಇರುವುದಿಲ್ಲ. ಸೆಲ್ಫ್ ಮೋಟರಿಗೆ ಇದೊಂದೂ ಗೊತ್ತಾಗುವುದಿಲ್ಲ, ಅದು ಬಲ ಹಾಕಿ ತಿರುಗಿಸ್ತದೆ. ಅಂಟಿಕೊಂಡ ಒಂದು ವಾಲ್ವ್ ಸಾಕು, ಅದನ್ನು ತೆರೆಯುವ ಪುಶ್‌ರಾಡ್ ಬಾಗ್ಲಿಕ್ಕೆ.

ಮೊದಲು ಪ್ಲಗ್. ಈ ಇಂಜಿನಿನ ಹೆಡ್ ಅಲ್ಯೂಮಿನಿಯಂ, ಪ್ಲಗ್ ಕಬ್ಬಿಣ. ಎರಡೂ ಒಂದಕ್ಕೊಂದು ಕಚ್ಚಿ ಕೂತಿರ್ತವೆ. ಒಂದೇ ಎಳೆತಕ್ಕೆ ಬಿಚ್ಚಲು ಹೋದರೆ ಪ್ಲಗ್ಗಿನ ಜೊತೆ ಹೆಡ್ಡಿನ ಥ್ರೆಡ್ಡೂ ಸುರುಳಿಯಾಗಿ ಹೊರಗೆ ಬರ್ತದೆ. ಸುತ್ತ ಕಸ ಊದಿ ತೆಗೆದು, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಕಾಲು ಸುತ್ತು ಬಿಚ್ಚಿ, ಅಷ್ಟೇ ವಾಪಸ್ ಬಿಗಿ ಮಾಡಿ, ಮತ್ತೆ ಬಿಚ್ಚಿ. ಕಿರ್ರ್ ಅಂತ ಶಬ್ದ ಬಂದರೆ ನಿಲ್ಲಿಸಿ ಇನ್ನಷ್ಟು ಎಣ್ಣೆ.

ಪ್ಲಗ್ ಬಂದ ಮೇಲೆ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ) ಮತ್ತು ಡೀಸೆಲ್ ಸಮಸಮ ಬೆರೆಸಿ ಒಂದೊಂದು ಸಿಲಿಂಡರಿಗೆ 30 ಮಿಲಿ ಹಾಕಿ. ಮೂರು ದಿನ ಮುಟ್ಟಬೇಡಿ. ಒಂದು ಸಿಲಿಂಡರಿನಲ್ಲಿ ಮಾತ್ರ ಬೇಗ ಇಳಿದು ಹೋದರೆ ಅಲ್ಲಿ ರಿಂಗಿನ ಕತೆ ಸರಿ ಇಲ್ಲ ಅಂತ ಬರೆದಿಟ್ಟುಕೊಳ್ಳಿ.

ಅಷ್ಟರಲ್ಲಿ ರಾಕರ್ ಕವರ್ (ವಾಲ್ವ್ ಮೇಲಿನ ಮುಚ್ಚಳ) ತೆಗೆದು ಎಂಟೂ ವಾಲ್ವ್ ಸ್ಪ್ರಿಂಗಿನ ಮೇಲೆ ಇಂಜಿನ್ ಆಯಿಲ್ ಧಾರಾಳ ಸುರಿಯಿರಿ. ಇನ್ನು ತಿರುಗಿಸುವುದು. ನಿಮ್ಮ ಬಲ ಹಿಂದಿನ ಚಕ್ರ ಹಿಡಿದದ್ದು ಇಲ್ಲಿ ಒಳ್ಳೆಯದೇ ಆಯ್ತು: ಅದನ್ನು ನೆಲದಲ್ಲೇ ಬಿಡಿ, ಮುಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟು ಎಡ ಹಿಂದಿನದ್ದನ್ನು ಮಾತ್ರ ಜಾಕ್‌ನಲ್ಲಿ ಎತ್ತಿ ಸ್ಟ್ಯಾಂಡ್ ಕೊಡಿ. ನಾಲ್ಕನೇ ಗೇರ್ ಹಾಕಿ. ಎತ್ತಿದ ಚಕ್ರವನ್ನು ಮುಂದಕ್ಕೆ ಕೈಯಲ್ಲಿ ತಿರುಗಿಸಿದರೆ ಡಿಫರೆನ್ಶಿಯಲ್ (ಹಿಂದಿನ ಎರಡು ಚಕ್ರದ ನಡುವಿನ ಗೇರ್ ಪೆಟ್ಟಿಗೆ) ಮೂಲಕ ಇಂಜಿನಿನ ಕ್ರ್ಯಾಂಕ್ ತಿರುಗ್ತದೆ. ಪ್ಲಗ್ ಇಲ್ಲದ ಕಾರಣ ಕಂಪ್ರೆಶನ್ ಅಡ್ಡ ಬರುವುದಿಲ್ಲ. ಕೈಯಲ್ಲಿ ತಿರುಗಿಸುವಾಗ ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಅಂಗೈಗೇ ಗೊತ್ತಾಗ್ತದೆ, ಅದೇ ಲಾಭ.

ಒಬ್ಬರು ಚಕ್ರ ತಿರುಗಿಸುವಾಗ ಇನ್ನೊಬ್ಬರು ವಾಲ್ವ್ ನೋಡುತ್ತಾ ಇರಬೇಕು. ಪ್ರತಿಯೊಂದೂ ಕೆಳಗೆ ಹೋಗಿ ತಾನಾಗಿ ಮೇಲೆ ಬರಬೇಕು. ಒಂದು ಕೆಳಗೆ ಹೋಗಿ ಅಲ್ಲೇ ನಿಂತು, ಅದನ್ನು ಒತ್ತುವ ರಾಕರ್ ಸಡಿಲಾಗಿ ಟಕಟಕ ಅಲ್ಲಾಡಿತೋ, ಅಲ್ಲಿಗೇ ನಿಲ್ಲಿಸಿ. ಆ ವಾಲ್ವ್ ಕಾಂಡಕ್ಕೆ ಎಣ್ಣೆ ಬಿಟ್ಟು, ಸುತ್ತಿಗೆಯ ಮರದ ಹಿಡಿಯಿಂದ ಸ್ಪ್ರಿಂಗ್ ತಟ್ಟೆಯನ್ನು ಮೆಲ್ಲ ತಟ್ಟುತ್ತಾ ಇದ್ದರೆ ಹೆಚ್ಚಿನವು ಬಿಡುತ್ತವೆ.

ಹಾಗೆಯೇ ಕ್ಲಚ್ ಒತ್ತಿ ಹಿಡಿದು ಚಕ್ರ ತಿರುಗಿಸಿ ನೋಡಿ. ಆಗಲೂ ಇಂಜಿನ್ ತಿರುಗಿದರೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿದೆ ಅಂತ ಅರ್ಥ. ನಮ್ಮ ಮಳೆಗಾಲದಲ್ಲಿ ಇದು ಮಾಮೂಲು. ಪೆಡಲನ್ನು ಒತ್ತಿ ಸೀಟಿಗೆ ಒಂದು ರೀಪು ಕೊಟ್ಟು ಎರಡು ದಿನ ಬಿಟ್ಟು, ಆಮೇಲೆ ಚಕ್ರವನ್ನು ಹಿಂದೆ ಮುಂದೆ ಜರ್ಕ್ ಕೊಟ್ಟರೆ ಬಿಡುವುದುಂಟು.

ಸಂಪ್ (ಇಂಜಿನ್ ತಳದ ಎಣ್ಣೆ ತಟ್ಟೆ) ಬಿಚ್ಚಿಯೇ ತೊಳೆಯಿರಿ, ಬರೇ ಡ್ರೈನ್ ಮಾಡಿದರೆ ಸಾಲದು. ತಳದಲ್ಲಿ ಕುಳಿತ ಕರಿ ಪೇಸ್ಟು ಹೊಸ ಎಣ್ಣೆಯಲ್ಲಿ ಕದಡಿ ಸ್ಟ್ರೇನರ್ ಕಟ್ಟಿಸ್ತದೆ. ಹಾಕುವ ಎಣ್ಣೆ 20ಡಬ್ಲ್ಯೂ 50 ಮಿನರಲ್. ಈಗಿನ ಕಾರಿನ 5ಡಬ್ಲ್ಯೂ 30 ಇದರ ಗ್ಯಾಪಿಗೆ ನೀರಾಯ್ತು. ಮೊದಲ ಸಲ ಸೆಲ್ಫ್ ಹೊಡೆಯುವುದು ಪ್ಲಗ್ ಇಲ್ಲದೆ: 10 ಸೆಕೆಂಡ್ ಹೊಡೆದು ಅರ್ಧ ನಿಮಿಷ ಬಿಡುವು, ಆಯಿಲ್ ಲೈಟ್ ಆರುವವರೆಗೆ. ಆರಿದ ಮೇಲೆಯೇ ಕಂಪ್ರೆಶನ್ ನೋಡಿ, ನಾಲ್ಕರದ್ದೂ ಇಲ್ಲಿ ಹಾಕಿ.

ತಗಡು_ಕುಂಬಳೆ

ಇಂಜಿನ್ ತಿರುಗ್ತದಾ ಅಂತ ನೋಡುವುದು ಸರಿ. ಆದರೆ ಅದಕ್ಕೆ ದುಡ್ಡು ಹಾಕುವ ಮೊದಲು ಬಾಡಿಯ ತೀರ್ಮಾನ ಆಗಬೇಕು. ಇದು ಅಂಬಾಸಿಡರಿನ ಹಾಗೆಯೇ ಮಾನೋಕಾಕ್ ಗಾಡಿ, ಜೀಪಿನ ಹಾಗೆ ಬೇರೆ ಚಾಸಿಸ್ ಇಲ್ಲ. ಸಿಲ್ಲೇ ಗಾಡಿಯ ಬೆನ್ನೆಲುಬು. ಇಂಜಿನ್ ಇನ್ನೊಂದು ಸಿಗ್ತದೆ, ಬಾಡಿ ಸಿಗುವುದಿಲ್ಲ. ನೀವು ಹೇಳಿದ "ಬಾಗಿಲು ಎತ್ತಿ ಹಾಕಬೇಕು" ಅನ್ನುವುದೇ ನನಗೆ ಹೆದರಿಕೆ. ಹಿಂಜ್ ಪಿನ್ ಸವೆದಿದ್ದರೆ ಬಾಗಿಲಿನ ತುದಿ ಹಿಡಿದು ಎತ್ತುವಾಗ ಹಿಂಜ್‌ನಲ್ಲಿ ಆಟ ಕಾಣ್ತದೆ. ಹಿಂಜ್ ಗಟ್ಟಿ ಇದ್ದೂ ಬಾಗಿಲು ಜೋತರೆ ಪಿಲ್ಲರ್ ಬುಡ ಅಥವಾ ಸಿಲ್ ಬಾಗಿದೆ.

ಒಂದು ಪರೀಕ್ಷೆ: ಬಾಗಿಲಿನ ಹಿಂದಿನ ಅಂಚಿನ ಗ್ಯಾಪನ್ನು ಮೇಲೂ ಕೆಳಗೂ ಅಳೆದು ಬರೆಯಿರಿ. ಸಿಲ್ಲಿನ ಜಾಕ್ ಪಾಯಿಂಟಿಗೆ ಮರದ ತುಂಡು ಕೊಟ್ಟು ಮೆಲ್ಲ ಎತ್ತಿ. ಚಕ್ರ ನೆಲ ಬಿಡುವ ಮೊದಲೇ ಗ್ಯಾಪ್ 3 ಮಿ.ಮೀ. ಬದಲಾದರೆ, ಅಥವಾ ಕರಕರ ಶಬ್ದದ ಜೊತೆ ಜಾಕ್ ಒಳಗೆ ಹೋದರೆ, ಸಿಲ್ ಒಳಗಿಂದ ಖಾಲಿ. ಮರ ಬಡಿದ ಶಬ್ದ ತಗಡಿನ ಮೇಲೆ ಮೆತ್ತಿದ ಪುಟ್ಟಿಯದ್ದು. ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತ ಹಿಡಿದು ಉದ್ದಕ್ಕೂ ಜಾರಿಸಿ, ಹಿಡಿಯದ ಜಾಗಕ್ಕೆ ಚಾಕ್ ಗುರುತು ಹಾಕುತ್ತಾ ಹೋಗಿ.

ಕುಂಬಳೆ, ಉಪ್ಪಳ, ಮಂಜೇಶ್ವರದ ಗಾಡಿಗೆ ಕಡಲ ಗಾಳಿಯಿಂದ ತುಕ್ಕು ಮೇಲಿಂದ ಶುರು: ಗಾಜಿನ ರಬ್ಬರಿನ ಅಡಿ, ರೂಫಿನ ನೀರು ದಾರಿ. ನಿಮ್ಮದು ಮಣ್ಣಿನ ನೆಲದ ಹಸಿಯಿಂದ ಕೆಳಗಿಂದ ಮೇಲೆ ಹತ್ತಿದ್ದು. ಚಕ್ರದ ಕಮಾನಿನೊಳಗೆ ಮೆತ್ತಿದ ಮುರಕಲ್ಲಿನ ಕೆಂಪು ಮಣ್ಣು ಬೇಸಗೆಯಲ್ಲೂ ಒಳಗೆ ತೇವ ಹಿಡಿದಿರ್ತದೆ, ಅದನ್ನು ಕೆರೆದು ತೆಗೆಯದೆ ಏನೂ ಕಾಣುವುದಿಲ್ಲ. ಸ್ಕ್ರೂಡ್ರೈವರ್ ಹಿಡಿದು ಚುಚ್ಚಬೇಕಾದ ಜಾಗ: ಹಿಂದಿನ ಪಟ್ಟೆ ಸ್ಪ್ರಿಂಗ್ ಕೂರುವ ಬ್ರಾಕೆಟ್, ಮುಂದಿನ ಸಸ್ಪೆನ್ಶನ್ ಬೋಲ್ಟ್ ಆಗುವ ಸುತ್ತ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಬ್ಯಾಟರಿ ಅಡಿ. ಮೊದಲ ಎರಡು ಜಾಗದಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋದರೆ ಖರ್ಚಿನ ಲೆಕ್ಕ ಪುನಃ ಮಾಡಿ. ಫ್ಲೋರಿನ ತೂತು ಅಂಥ ದೊಡ್ಡ ವಿಷಯವಲ್ಲ.

ರಿವೆಟ್ ಹೊಡೆಯುವುದು ಬೇಡವೇ ಬೇಡ. ಹಳೇ ತುಕ್ಕಿನ ಮೇಲೆ ಹೊಸ ತಗಡು ಇಟ್ಟರೆ ನಡುವೆ ನೀರು ನಿಲ್ಲುವ ಒಂದು ಸಂದು ನೀವೇ ಮಾಡಿ ಕೊಟ್ಟ ಹಾಗೆ. ಎರಡು ಮಳೆಗಾಲದೊಳಗೆ ರಿವೆಟ್ಟಿನ ಸುತ್ತ ಕಂದು ಬಳೆ ಕಾಣ್ತದೆ, ಮತ್ತೆ ಅದು ಭಾರ ಹೊರುವುದೂ ಇಲ್ಲ.

ಸರಿಯಾದ ದಾರಿ: ಕೊಯ್ಯುವ ಮೊದಲು ಗಾಡಿಯನ್ನು ಸಮ ನೆಲದಲ್ಲಿ, ನಾಲ್ಕು ಸ್ಟ್ಯಾಂಡ್ ಮೇಲೆ, ಸಸ್ಪೆನ್ಶನ್ನಿನ ಹತ್ತಿರ ಆಧಾರ ಕೊಟ್ಟು ನಿಲ್ಲಿಸಿ. ಬಾಗಿಲ ಗ್ಯಾಪ್ ಸರಿ ಬರುವ ಹಾಗೆ ಎತ್ತರ ಹೊಂದಿಸಿ. 25 ಮಿ.ಮೀ. ಚೌಕ ಪೈಪನ್ನು ಬಾಗಿಲ ಚೌಕಟ್ಟಿನೊಳಗೆ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಟ್ಯಾಕ್ ಹಾಕಿ. ಇಷ್ಟಾದ ಮೇಲೆಯೇ ಗ್ರೈಂಡರ್. ಒಂದು ಬದಿಯ ಸಿಲ್ ಪೂರ್ತಿ ಮುಗಿಸದೆ ಇನ್ನೊಂದು ಬದಿ ಮುಟ್ಟಬಾರದು. ಎರಡನ್ನೂ ಒಟ್ಟಿಗೆ ಕೊಯ್ದರೆ ಗಾಡಿ ನಡುವಿನಲ್ಲಿ ಬಾಳೆಕಾಯಿಯ ಹಾಗೆ ಬಾಗ್ತದೆ, ಆಮೇಲೆ ನಾಲ್ಕು ಬಾಗಿಲೂ ಕೂರುವುದಿಲ್ಲ.

ಹೊರ ಸಿಲ್ ಮತ್ತು ಫ್ಲೋರಿಗೆ 20 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಶೀಟ್, ಅಂದರೆ 0.9 ಮಿ.ಮೀ. ಒಳಗಿನ ಗಟ್ಟಿ ಪಟ್ಟಿ, ಜಾಕ್ ಪಾಯಿಂಟಿಗೆ 18 ಗೇಜ್, 1.2 ಮಿ.ಮೀ. ಸತು ಲೇಪಿಸಿದ ಜಿಐ ಶೀಟ್ ತಂದು ಬೆಸುಗೆ ಹಾಕಬೇಡಿ, ಸತುವಿನ ಹೊಗೆ ಎದೆಗೆ ಕೆಟ್ಟದು, ಬೆಸುಗೆಯೂ ತೂತುತೂತು. ಸಿಓಟು ವೆಲ್ಡಿಂಗ್, 0.8 ಮಿ.ಮೀ. ತಂತಿ. ಒಂದು ಕಡೆ 10-15 ಮಿ.ಮೀ. ಹಾಕಿ, ಒಂದು ಗೇಣು ಬಿಟ್ಟು ಇನ್ನೊಂದು. ಉದ್ದಕ್ಕೆ ಎಳೆದರೆ ತಗಡು ಹಪ್ಪಳ ಆಗ್ತದೆ. ಗ್ಯಾಸ್ ವೆಲ್ಡಿಂಗ್‌ನ ಶಾಖಕ್ಕಂತೂ ಕೇಳುವುದೇ ಬೇಡ. ಮುಚ್ಚುವ ಮೊದಲು ಒಳಮೈಗೆ ವೆಲ್ಡ್-ಥ್ರೂ ಪ್ರೈಮರ್ (ಅದರ ಮೇಲೆಯೇ ಬೆಸುಗೆ ಹಾಕಬಹುದಾದದ್ದು), ಎಲ್ಲ ಮುಗಿದ ಮೇಲೆ ಡ್ರೈನ್ ತೂತಿನಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನೊಳಗೆ ತುಕ್ಕು ತಡೆಯುವ ಮೇಣ). ಆ ತೂತುಗಳನ್ನು ಹೊಸ ಸಿಲ್ಲಿನಲ್ಲಿ ಮರೆಯದೆ ಕೊರೆಯಿರಿ. ಹಳೇ ಸಿಲ್ ಕೊಳೆತದ್ದೇ ಅಡಿಕೆ ಸಿಪ್ಪೆಯ ಧೂಳು ಕೂತು ಅವು ಕಟ್ಟಿದ್ದರಿಂದ ಇರಬೇಕು.

ಇವತ್ತೇ ಮಾಡಬಹುದಾದ ಕೆಲಸ ಒಂದು: ಗಾಡಿ ಎತ್ತಿ ಅಡಿಗೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ. ನೆಲದ ಹಸಿ ನಿಂತರೆ ಅರ್ಧ ತುಕ್ಕು ಅಲ್ಲಿಗೇ ನಿಂತಿತು.

ಚೋಕ್_ಎಳೆದವ

ಟ್ಯಾಂಕಿನ ಬಗ್ಗೆ ಯಾರೂ ಹೇಳಿಲ್ಲ. ವಾರ್ನಿಶ್ ವಾಸನೆ ಅಂದರೆ ಹಳೇ ಪೆಟ್ರೋಲ್ ಅಂಟಾಗಿದೆ. ಅದರ ಮೇಲೆ ಹೊಸ ಪೆಟ್ರೋಲ್ ಹಾಕಿದರೆ ಅಂಟು ಕರಗಿ ಬಂದು ಕಾರ್ಬೊರೇಟರಿನಲ್ಲೂ ಇನ್‌ಲೆಟ್ ವಾಲ್ವ್ ಕಾಂಡದಲ್ಲೂ ಕೂರ್ತದೆ, ಬಿಸಿ ಆರಿದ ಮೇಲೆ ವಾಲ್ವ್ ಹಿಡೀತದೆ. ಇಂಜಿನ್ ಪರೀಕ್ಷೆಗೆ ಬೇರೆಯೇ ಕ್ಯಾನ್ ಕಟ್ಟಿ.

ಟ್ಯಾಂಕ್ ಇಳಿಸಿ, 38 ಲೀಟರಿನದ್ದು. ಮೊದಲು ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅಂಟು ತೆಗೆಯಿರಿ. ಅಂಟಿರುವಾಗ ಆಸಿಡ್ ತುಕ್ಕನ್ನು ಮುಟ್ಟುವುದೇ ಇಲ್ಲ. ಆಮೇಲೆ ಸಿಟ್ರಿಕ್ ಆಸಿಡ್, ಅಂಗಡಿಯಲ್ಲಿ ಲಿಂಬೆ ಉಪ್ಪು ಅಂತ ಕೊಡ್ತಾರಲ್ಲ ಅದೇ, ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ 2 ಕಿಲೋ. ಬಾಯಿವರೆಗೆ ತುಂಬಿಸಿ ಒಂದು ದಿನ. ಅರ್ಧ ತುಂಬಿಸಿದರೆ ನೀರಿನ ಗೆರೆಯಲ್ಲಿ ಹೊಸ ತುಕ್ಕು ಬರ್ತದೆ. ಚೆಲ್ಲಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ಕೂಡಲೇ ಹೇರ್ ಡ್ರೈಯರ್ ಹಿಡಿದು ಒಣಗಿಸಿ. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಒಳಗೆ ಕಿತ್ತಳೆ ಬಣ್ಣ. ಒಣಗಿದ ಮೇಲೆ 2ಟಿ (ಟೂ-ಸ್ಟ್ರೋಕ್) ಆಯಿಲ್ ಬೆರೆಸಿದ ಅರ್ಧ ಲೀಟರ್ ಪೆಟ್ರೋಲ್ ಹಾಕಿ ಎಲ್ಲ ಬದಿಗೆ ಹೊರಳಿಸಿ. ಯಾವ ಕಾರಣಕ್ಕೂ ಟ್ಯಾಂಕಿಗೆ ಬೆಸುಗೆ ಹಾಕಿಸುವಾಗ "ತೊಳೆದಾಯ್ತಲ್ಲ" ಅಂತ ನಂಬಬೇಡಿ, ಹಬೆ ಉಳಿದಿರ್ತದೆ, ಸಿಡೀತದೆ.

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ಕಪ್ಪು ರಬ್ಬರ್ ಪೈಪ್, ಪಂಪಿನ ಡಯಾಫ್ರಾಮ್ ಎಥನಾಲಿಗೆ ಉಬ್ಬಿ ಮೆತ್ತಗಾಗ್ತದೆ. ಪಂಪ್ ಇಂಜಿನ್ ಬ್ಲಾಕಿಗೇ ಕೂತಿರುವ ಕಾರಣ ಡಯಾಫ್ರಾಮ್ ಹರಿದರೆ ಪೆಟ್ರೋಲ್ ನೇರ ಸಂಪಿಗೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹೆಚ್ಚಾಗಿದೆ, ಮೂಸಿದರೆ ಪೆಟ್ರೋಲ್ ವಾಸನೆ ಅಂದರೆ ಇದೇ. ಹಾಗೇ ಓಡಿಸಿದರೆ ಬೇರಿಂಗ್ ಹೋಗ್ತದೆ. ಎಥನಾಲ್ ತಡೆಯುವ ಪೈಪ್, ಹೊಸ ಡಯಾಫ್ರಾಮ್ ಕಿಟ್ ಕಡ್ಡಾಯ. ಗಾಡಿ ನಿಲ್ಲಿಸುವುದಾದರೆ ಈ ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಲ್ಲಿ ಇಡಬೇಡಿ, ನಮ್ಮ ಹವೆಯಲ್ಲಿ ಅದು ನೀರೆಳೆದು ತಳಕ್ಕೆ ಬೇರೆಯೇ ಪದರವಾಗಿ ಕೂರ್ತದೆ.

ಟ್ಯಾಂಕಿನ ಒಳಗೆ ಬಳಿಯುವ ಎಪಾಕ್ಸಿ ಕೋಟಿಂಗ್ ನನಗೆ ಇಷ್ಟ ಇಲ್ಲ. ತುಕ್ಕು ಒಂದು ಚೂರು ಉಳಿದಿದ್ದರೂ ಪದರ ಎದ್ದು ಹೊಟ್ಟಿನ ಹಾಗೆ ಕಾರ್ಬೊರೇಟರಿನ ಜೆಟ್ಟಿಗೆ ಬರ್ತದೆ.

ಸ್ಪ್ಯಾನರ್_ಹದಿನೇಳು

ಕೋಟಿಂಗ್ ವಿಷಯದಲ್ಲಿ ಅಷ್ಟು ಖಡಾಖಂಡಿತ ಬೇಡ. ಸೂಜಿತೂತು ಇರುವ ಟ್ಯಾಂಕಿಗೆ, ಬೇರೆ ಟ್ಯಾಂಕ್ ಸಿಗದಿದ್ದರೆ, ಎಥನಾಲ್ ತಡೆಯುವ ಕೋಟಿಂಗ್ ಬಿಟ್ಟು ದಾರಿ ಇಲ್ಲ. ಗಟ್ಟಿ ಟ್ಯಾಂಕಿಗೆ ಬೇಡ, ಅದು ಒಪ್ಪಿದೆ.

ಪೆರ್ಲ_ಪದ್ಮಿನಿ

ಎಲ್ಲರಿಗೂ ಉಪಕಾರ. ಹೇಳಿದ ಹಾಗೆ ಮಾಡಿ ಬಂದ ಲೆಕ್ಕ ಇದು. ಇಂಜಿನ್ ಕೈಯಲ್ಲಿ ತಿರುಗಿತು, ವಾಲ್ವ್ ಎಂಟೂ ಮೇಲೆ ಬಂದವು. ಕ್ಲಚ್ ಬಿಟ್ಟಿತು. ಆಯಿಲ್ ಲೈಟ್ ಆರಿತು. ಕಂಪ್ರೆಶನ್: 1ನೇದ್ದು 115, 2ನೇದ್ದು 110, 3ನೇದ್ದು 45, 4ನೇದ್ದು 112 ಪಿಎಸ್‌ಐ. ಮೂರನೆಯದಕ್ಕೆ ಒಂದು ಚಮಚ ಎಣ್ಣೆ ಹಾಕಿ ನೋಡಿದರೆ 50. ಬಾಡಿ: ಎಡ ಸಿಲ್ ಕೊಳೆತಿದೆ, ಬಲದ್ದು ಅರ್ಧ. ಸ್ಪ್ರಿಂಗ್ ಬ್ರಾಕೆಟ್ ಗಟ್ಟಿ ಉಂಟು, ಮುಂದೆಯೂ ಗಟ್ಟಿ. ಬಲ ಹಿಂದಿನ ಚಕ್ರ ಇನ್ನೂ ಬಿಟ್ಟಿಲ್ಲ.

ಸ್ಪ್ಯಾನರ್_ಹದಿನೇಳು

ಬ್ರಾಕೆಟ್ ಗಟ್ಟಿ ಇದ್ದರೆ ಗಾಡಿ ಮಾಡುವಂಥದ್ದೇ. ಮೂರನೆಯದಕ್ಕೆ ಎಣ್ಣೆ ಹಾಕಿಯೂ ಏರಲಿಲ್ಲ, ಹಾಗಾಗಿ ರಿಂಗ್ ಅಲ್ಲ. ಪಕ್ಕದ 2 ಮತ್ತು 4 ಸರಿ ಇರುವುದರಿಂದ ಎರಡು ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಹೋದದ್ದೂ ಅಲ್ಲ. ಉಳಿಯುವುದು ವಾಲ್ವ್. ಮೊದಲು ಆ ಸಿಲಿಂಡರಿನ ಟ್ಯಾಪೆಟ್ ಗ್ಯಾಪ್ (ರಾಕರಿಗೂ ವಾಲ್ವಿಗೂ ನಡುವಿನ ಸಂದು) ನೋಡಿ, ಗ್ಯಾಪೇ ಇಲ್ಲದಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಐದು ನಿಮಿಷದಲ್ಲಿ ಮುಗಿಯುವ ಕೆಲಸ. ಗ್ಯಾಪ್ ಸರಿ ಇದ್ದರೆ ಮೂರನೇ ಪಿಸ್ಟನ್ ಮೇಲೆ, ಎರಡೂ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡಿ. ಸೈಲೆನ್ಸರಿನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬೊರೇಟರಿನಲ್ಲಿ ಅಂದರೆ ಇನ್‌ಲೆಟ್. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು.

ಹೆಡ್ ಬಿಚ್ಚುವುದಾದರೆ ಪೂರ್ತಿ ತಣ್ಣಗಿರುವಾಗ, ಹೊರಗಿನ ನಟ್‌ಗಳಿಂದ ನಡುವಿಗೆ, ಎರಡು ಮೂರು ಸುತ್ತಿನಲ್ಲಿ ಸಡಿಲಿಸಿ. ಬಿಗಿಯುವಾಗ ತಿರುಗಾ, ನಡುವಿಂದ ಹೊರಗೆ. ಅಲ್ಯೂಮಿನಿಯಂ ಬೇಗ ಬಾಗ್ತದೆ. ಹೆಡ್ಡಿಗೂ ಬ್ಲಾಕಿಗೂ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸಿ ಎಬ್ಬಿಸಿದರೆ ಆ ಗೀರಿನಲ್ಲೇ ನಾಳೆ ನೀರು ಸೋರುವುದು. ನೀರಿನ ದಾರಿಗಳ ಅಂಚು ಗಮನಿಸಿ: ಕೂಲಂಟ್ ಹಾಕದೆ ಬರೇ ಬೋರ್‌ವೆಲ್ ನೀರಲ್ಲಿ ಓಡಿದ ಹೆಡ್ಡಿನಲ್ಲಿ ಇಲಿ ಕಚ್ಚಿದ ಹಾಗೆ ಅಲ್ಯೂಮಿನಿಯಂ ತಿಂದಿರ್ತದೆ. ಗ್ಯಾಸ್ಕೆಟ್ ಕೂರುವ ಗೆರೆವರೆಗೆ ತಿಂದಿದ್ದರೆ ಬೆಸುಗೆ ತುಂಬಿಸಿ ಸರ್ಫೇಸ್ ಮಾಡಿಸಬೇಕು, ಗ್ಯಾಸ್ಕೆಟ್ ಗಮ್ ಮೆತ್ತಿ ಸಾಗಿಸಲಿಕ್ಕೆ ಆಗುವುದಿಲ್ಲ. ಇನ್ನು ಮೇಲೆ ಡಿಸ್ಟಿಲ್ಡ್ ನೀರಿಗೆ ಮೂರನೇ ಒಂದು ಪಾಲು ಕೂಲಂಟ್.

ಜೋಡಿಸುವಾಗ ಫೈರಿಂಗ್ ಆರ್ಡರ್ (ಸಿಲಿಂಡರಿಗೆ ಕಿಡಿ ಹೋಗುವ ಸರದಿ) 1-3-4-2.

ಇಲಿ ತಿಂದ ವಯರಿಂಗಿಗೆ ಟೇಪ್ ಸುತ್ತಬೇಡಿ, ಲೂಮ್ (ವಯರಿನ ಪೂರ್ತಿ ಕಟ್ಟು) ಹೊಸತೇ ಮಾಡಿಸಿ. ಇಂಜಿನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಇದೆಯಾ ನೋಡಿ. ಅದು ಇಲ್ಲದೆ ಸೆಲ್ಫ್ ಹೊಡೆದರೆ ಕರೆಂಟ್ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹುಡುಕಿಕೊಂಡು ಹೋಗ್ತದೆ, ಕೇಬಲ್ ಕೆಂಪಗೆ ಕಾದು ಒಳಗಿನ ಪ್ಲಾಸ್ಟಿಕ್ ಕರಗ್ತದೆ. ಡೈನಮೋ ತೆಗೆದು ಮಾರುತಿ 800ರ ಆಲ್ಟರ್ನೇಟರ್ ಹಾಕುವವರು ಉಂಟು, ದಿನಾ ಓಡಿಸುವುದಾದರೆ ತಪ್ಪಿಲ್ಲ. ವಾರಕ್ಕೊಮ್ಮೆ ಕಾಸರಗೋಡಿಗೆ ಹೋಗಿ ಬರ್ಲಿಕ್ಕೆ ಡೈನಮೋ ಧಾರಾಳ ಸಾಕು. ಐಡ್ಲಿಂಗ್‌ನಲ್ಲಿ ಲೈಟ್ ಮಂದ ಆಗುವುದು ಅದರ ಗುಣ, ರಿಪೇರಿ ಅಲ್ಲ.

ಡ್ರಮ್_ಬ್ರೇಕ್

ಹಿಡಿದ ಚಕ್ರಕ್ಕೆ ಸುತ್ತಿಗೆ ಹೊಡೆಯುವ ಮೊದಲು ಅಡ್ಜಸ್ಟರ್ ಪೂರ್ತಿ ಸಡಿಲಿಸಿ, ಹ್ಯಾಂಡ್ ಬ್ರೇಕ್ ಕೇಬಲನ್ನು ಆ ಚಕ್ರದ ಬಳಿ ಕಳಚಿ. ಹೆಚ್ಚಿನ ಸಲ ಕೇಬಲ್ ಒಳಗೆ ತುಕ್ಕು ಹಿಡಿದು ವಾಪಸ್ ಬರದೆ ಲೈನರ್ ಡ್ರಮ್ಮಿಗೆ ಅಂಟಿರ್ತದೆ. ಡ್ರಮ್ಮಿನ ಅಂಚಿಗಲ್ಲ, ಮುಖಕ್ಕೆ ಮರದ ತುಂಡಿಟ್ಟು ಸುತ್ತಲೂ ತಟ್ಟಿ. ಎರಕದ ಕಬ್ಬಿಣ, ಅಂಚು ಹಾರಿ ಹೋಗ್ತದೆ. ಬಿಚ್ಚಿದ ಮೇಲೆ ಒಳಗಿನ ಧೂಳನ್ನು ಗಾಳಿಯಲ್ಲಿ ಊದಬೇಡಿ. ಹಳೇ ಲೈನರಲ್ಲಿ ಆಸ್ಬೆಸ್ಟಾಸ್ ಇರ್ತದೆ, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಇದರದ್ದು ಒಂದೇ ಸರ್ಕ್ಯೂಟಿನ ಬ್ರೇಕ್. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಯಿತು. ಪೆರ್ಲದಿಂದ ಯಾವ ಕಡೆ ಹೊರಟರೂ ಏರು ಇಳಿತ ತಪ್ಪಿದ್ದಲ್ಲ. ಹಾಗಾಗಿ ಇಂಜಿನ್ ಓಡಿದ ಖುಷಿಗೆ ಗೇಟಿನ ಹೊರಗೆ ತೆಗೆಯುವ ಮೊದಲು ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಮೂರೂ ರಬ್ಬರ್ ಹೋಸ್, ಕಬ್ಬಿಣದ ಪೈಪ್ ಎಲ್ಲ ನೋಡಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ತದೆ, ಆ ನೀರು ಸಿಲಿಂಡರಿನ ತಳದಲ್ಲಿ ನಿಂತು ಚುಕ್ಕಿ ಚುಕ್ಕಿ ಗುಂಡಿ ಮಾಡ್ತದೆ. ಬೆರಳುಗುರು ಎಳೆದಾಗ ಗುಂಡಿ ಸಿಕ್ಕಿದರೆ ಹೋನ್ ಮಾಡಿ (ಉಜ್ಜಿ ನುಣುಪು ಮಾಡಿ) ಪ್ರಯೋಜನ ಇಲ್ಲ, ಸ್ಟೀಲ್ ಸ್ಲೀವ್ ಹಾಕಿಸಬೇಕು ಅಥವಾ ಹೊಸದು. ಹೋಸ್ ಹೊರಗಿಂದ ಚೆನ್ನಾಗಿ ಕಂಡರೂ ಒಳಗೆ ಉಬ್ಬಿರ್ತದೆ. ಬ್ರೇಕ್ ಒತ್ತಿದಾಗ ಹಿಡಿದು, ಬಿಟ್ಟ ಮೇಲೂ ಚಕ್ರ ಬಿಡದಿದ್ದರೆ ಅದೇ. ಪೈಪಿಗೆ ಕ್ಯುಪ್ರೊ-ನಿಕ್ಕಲ್ 4.75 ಮಿ.ಮೀ. ಸಿಗ್ತದೆ, ಈ ಹವೆಗೆ ಅದೇ ಒಳ್ಳೆಯದು, ಡಬಲ್ ಫ್ಲೇರ್ (ಪೈಪಿನ ಬಾಯಿಗೆ ಎರಡು ಮಡಿಕೆ) ಮಾಡುವವರಲ್ಲಿ ಮಾಡಿಸಿ. ಬ್ರೇಕ್ ಪೈಪಿನ ಗಾಳಿ ತೆಗೆಯುವುದು ಮಾಸ್ಟರಿನಿಂದ ದೂರದ ಚಕ್ರದಿಂದ ಶುರು.

ಮುಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ಮಾಯವಾದರೆ ವೀಲ್ ಬೇರಿಂಗ್, ಹಾಗೇ ಉಳಿದರೆ ಚಕ್ರ ಎಡಬಲ ತಿರುಗುವ ಕಿಂಗ್‌ಪಿನ್. ಗ್ರೀಸ್ ನಿಪ್ಪಲಿನಲ್ಲಿ ಹೊಸ ಗ್ರೀಸ್ ಹೊಡೆದು, ಹಳೇ ಗಟ್ಟಿ ಗ್ರೀಸ್ ಎಲ್ಲ ಬದಿಯಿಂದಲೂ ಹೊರಗೆ ಬರುವುದನ್ನು ಕಣ್ಣಲ್ಲಿ ನೋಡಬೇಕು. ಬರದಿದ್ದರೆ ದಾರಿ ಕಟ್ಟಿದೆ, ಗನ್ ಒತ್ತಿದ್ದು ದಂಡ.

ಗಡಿನಾಡ_ಗಾಡಿ

ಕಾಗದದ ಬಗ್ಗೆ. ಈಗ ಆರ್‌ಸಿ ಜೀವಂತ ಇಲ್ಲದ ಕಾರಣ ಗಾಡಿಯನ್ನು ಎಲ್ಲಿಗೆ ಒಯ್ಯುವುದಾದರೂ ಕ್ಯಾರಿಯರ್ ಮೇಲೆಯೇ. ಮೊದಲ ಕೆಲಸ ಮಂಗಳೂರು ಆರ್‌ಟಿಓದಲ್ಲಿ ಹಳೇ ಪುಸ್ತಕ ಆರ್‌ಸಿ ಇಟ್ಟುಕೊಂಡು, ಆ ಮೂರಕ್ಷರದ ನಂಬರ್ ವಾಹನ್ (ಗಾಡಿ ನೋಂದಣಿಯ ದಾಖಲೆ) ಗಣಕದಲ್ಲಿ ಉಂಟಾ ಕೇಳುವುದು. ಇಲ್ಲದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆ ಗಣಕಕ್ಕೆ ಏರಿಸುವುದು) ಮಾಡಿಸಬೇಕು. ಅದು ಆಗದೆ ಬೇರೆ ರಾಜ್ಯಕ್ಕೆ ಒಯ್ಯಲು ಬೇಕಾದ ಎನ್‌ಓಸಿ ಬರುವುದಿಲ್ಲ. ಎನ್‌ಓಸಿಗೆ ಫಾರ್ಮ್ 28, ಇಲ್ಲಿ ಹೊಸ ನಂಬರಿಗೆ ಫಾರ್ಮ್ 27, ರಿನ್ಯೂವಲ್‌ಗೆ ಫಾರ್ಮ್ 25. ಹೆಸರೂ ಬದಲಾಗುವುದಾದರೆ 29 ಮತ್ತು 30. ಚಾಸಿಸ್ ನಂಬರಿನ ತಟ್ಟೆ, ಇಂಜಿನ್ ಬ್ಲಾಕಿನ ನಂಬರ್ ಓದುವ ಹಾಗೆ ಇರಬೇಕು. ಟಿಂಕರಿಂಗ್‌ನವರು ಅದರ ಮೇಲೆ ಗ್ರೈಂಡರ್ ಹಾಕದ ಹಾಗೆ ನೋಡಿಕೊಳ್ಳಿ. ಕೆಲಸಕ್ಕೆ ಮೊದಲೇ ಫೋಟೋ, ಪೆನ್ಸಿಲ್ ಅಚ್ಚು ತೆಗೆದಿಡಿ.

15 ವರ್ಷ ದಾಟಿದ ಕಾರಿನ ರಿನ್ಯೂವಲ್ 2022ರ ಏಪ್ರಿಲಿನಿಂದ 5,000 ರೂ. ಆಗಿತ್ತು, 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದ್ದಾರೆ. ಅದರ ಮೇಲೆ ಕೇರಳದ ತೆರಿಗೆ, ಗ್ರೀನ್ ಟ್ಯಾಕ್ಸ್ ಬೇರೆ. ರಿನ್ಯೂವಲ್ 5 ವರ್ಷಕ್ಕೆ.

ಇನ್ನೊಂದು ದಾರಿ 2021ರ ವಿಂಟೇಜ್ ನಿಯಮ. ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿರಬೇಕು, ಅಂದರೆ ನಿಮ್ಮದಕ್ಕೆ 2028. ಹೊಸ ರಿಜಿಸ್ಟ್ರೇಶನ್‌ಗೆ 20,000 ರೂ., 10 ವರ್ಷದ ಅವಧಿ, ಮುಂದಿನ ಸಲ 5,000. ಮೊದಲೇ ರಿಜಿಸ್ಟರ್ ಆದ ಗಾಡಿಗೆ ಹಳೇ ನಂಬರ್ ಉಳಿಸಿಕೊಳ್ಳುವ ಅವಕಾಶ ಅದರಲ್ಲಿ ಉಂಟು, ಹೊಸತಾಗಿ ಮಾಡುವುದಕ್ಕೆ ವಿಎ ಸೀರೀಸ್. ಆದರೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸ್ಲಿಕ್ಕೆ, ರಿಪೇರಿಗೆ ಅಷ್ಟೇ. ಪೇಟೆಗೆ ಹೋಗುವ ಗಾಡಿಯಾ, ಚಂದಕ್ಕೆ ಇಡುವ ಗಾಡಿಯಾ ಅಂತ ನೀವು ಈಗಲೇ ನಿಶ್ಚಯ ಮಾಡಿ. ಈಗ ಕೆಎಲ್ 14 ಮಾಡಿಸಿದರೆ ಮೂರಕ್ಷರದ ನಂಬರ್ ಹೋಯಿತು.

ಡೀಸೆಲ್ ವಿಷಯ ಮರೆತುಬಿಡಿ. ಕಂಪೆನಿಯೇ 137ಡಿ ಅಂತ 1366 ಸಿಸಿ ಡೀಸೆಲ್ ಪದ್ಮಿನಿ ಬಿಟ್ಟಿತ್ತು ನಿಜ, ಆದರೆ ನಿಮ್ಮ ಆರ್‌ಸಿಯಲ್ಲಿ ಪೆಟ್ರೋಲ್ ಅಂತ ಇದ್ದ ಮೇಲೆ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರ್ತದೆ. ವಿಂಟೇಜ್ ನಿಯಮದಲ್ಲೂ ಚಾಸಿಸ್, ಬಾಡಿ, ಇಂಜಿನ್ ಮೂಲದ್ದೇ ಇರಬೇಕು. ಡೀಸೆಲಿನ ನಡುಕಕ್ಕೆ ನಿಮ್ಮ ಹೊಸ ಸಿಲ್ಲಿನ ಬೆಸುಗೆ ಎಷ್ಟು ದಿನ ತಡೆಯುತ್ತದೋ ಅದು ಬೇರೆ.

ಬಿಡಿಭಾಗಕ್ಕೆ ಮುಂಬೈ ಕುರ್ಲಾದ ಗುಜರಿ, ಬೆಂಗಳೂರು ಜೆ.ಸಿ. ರಸ್ತೆ. 2023ರ ಅಕ್ಟೋಬರಿನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಅಲ್ಲಿಂದ ಬರುವ ಹಳೇ ಸಾಮಾನು ಇನ್ನು ಕಮ್ಮಿಯಾಗುವುದೇ ಹೊರತು ಹೆಚ್ಚಾಗುವುದಿಲ್ಲ. ಗಾಜಿನ ರಬ್ಬರ್, ಲೈಟಿನ ಗ್ಲಾಸ್, ಬಾಗಿಲ ಹಿಡಿ ಸಿಕ್ಕಿದಾಗಲೇ ತೆಗೆದಿಡಿ, ಬೇಕಾದಾಗ ಹುಡುಕಿದರೆ ಸಿಗುವುದಿಲ್ಲ.

ಪೆರ್ಲ_ಪದ್ಮಿನಿ

ನಿಶ್ಚಯ ಆಯ್ತು: ಬಾಡಿ ಮೊದಲು, ಇಂಜಿನ್ ಹೆಡ್ ಅದರ ಜೊತೆಗೆ, ಡೀಸೆಲ್ ಇಲ್ಲ. ಮೂರನೆಯದರ ಗಾಳಿ ಸೈಲೆನ್ಸರಿನಲ್ಲಿ ಬಂತು. ಸಿಲ್ ಕೆಲಸ ಮೇ ಮಧ್ಯಕ್ಕೆ ಮುಗಿಯಬಹುದು. ಆ ಕೂಡಲೇ ಪೈಂಟ್ ಹೊಡೆಸಬಹುದಾ, ಮಳೆ ಮುಗಿಯಬೇಕಾ?

ತಗಡು_ಕುಂಬಳೆ

ಬಣ್ಣ ಡಿಸೆಂಬರಿಗೆ. ಆದರೆ ಬರೇ ತಗಡು ಮಳೆಗಾಲ ನೋಡಬಾರದು. ಬೆಸುಗೆ ಉಜ್ಜಿ, ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡಿನ ಕನ್ವರ್ಟರ್ ಹಾಕಿ, ನೀರಲ್ಲಿ ತೊಳೆದು ಒಣಗಿಸಿ, ಮೇ ಕೊನೆಯೊಳಗೆ ಎರಡು ಕೈ ಟು-ಪ್ಯಾಕ್ ಎಪಾಕ್ಸಿ ಪ್ರೈಮರ್ ಹೊಡೆಸಿ. ಕನ್ವರ್ಟರ್ ತೊಳೆಯದೆ ಮೇಲೆ ಎಪಾಕ್ಸಿ ಹೊಡೆದರೆ ಆಸಿಡ್ ಅದನ್ನು ಗಟ್ಟಿಯಾಗಲು ಬಿಡುವುದಿಲ್ಲ, ಹಾಳೆಯ ಹಾಗೆ ಎದ್ದು ಬರ್ತದೆ. ಸಾಮಾನ್ಯ ಬೂದು ಸರ್ಫೇಸರ್ ಹೊಡೆದು ಇಡಬೇಡಿ, ಅದು ಸ್ಪಂಜಿನ ಹಾಗೆ ನೀರು ಕುಡೀತದೆ. ಪುಟ್ಟಿಯೂ ಎಪಾಕ್ಸಿಯ ಮೇಲೆಯೇ, ಬರೇ ತಗಡಿನ ಮೇಲೆ ಅಲ್ಲ.

ಜೂನಿನಿಂದ ಗಾಳಿಯಲ್ಲೇ ನೀರು. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಇಬ್ಬನಿ ಕೂರ್ತದೆ, ಬಣ್ಣ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗ್ತದೆ. ತಗಡಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕಡಿಮೆಯೆಂದರೆ 3 ಡಿಗ್ರಿ ಮೇಲೆ ಇರಬೇಕು. ಬೆಳಿಗ್ಗೆ ಬೇಗ ಹೊಡೆಯಲು ಹೋಗಬೇಡಿ, ಹತ್ತು ಗಂಟೆಯ ಮೇಲೆ ಶುರು ಮಾಡಿ ಮೂರರೊಳಗೆ ಮುಗಿಸಿ. ಕಂಪ್ರೆಸರಿಗೆ ನೀರು ಬೇರ್ಪಡಿಸುವ ಫಿಲ್ಟರ್ ಇಲ್ಲದ ಶೆಡ್ಡಿಗೆ ಗಾಡಿ ಕೊಡಬೇಡಿ. ಪಿಯು (ಪಾಲಿಯುರಿಥೇನ್) ಬಣ್ಣವಾದರೆ ಹೊಡೆಯುವವರಿಗೆ ಬಟ್ಟೆ ಮಾಸ್ಕ್ ಸಾಲದು, ಅದರ ಹಾರ್ಡನರಿನ ಐಸೊಸೈನೇಟ್ ಶ್ವಾಸಕ್ಕೆ ಅಪಾಯ. ಹೊರಗಿಂದ ಗಾಳಿ ಕೊಡುವ ಮಾಸ್ಕೇ ಬೇಕು.

ಡಿಸೆಂಬರಿನಲ್ಲಿ ಎಪಾಕ್ಸಿಯ ಮೈಯನ್ನು 320ರ ಪೇಪರಲ್ಲಿ ಉಜ್ಜಿ ಮುಂದುವರಿಸಿ, ತಿಂಗಳುಗಟ್ಟಲೆ ಬಿಟ್ಟ ಎಪಾಕ್ಸಿಗೆ ಉಜ್ಜದೆ ಮೇಲಿನದು ಹಿಡಿಯುವುದಿಲ್ಲ. ಪ್ರೈಮರ್ ಹೊಡೆಯುವಾಗ ಸಿಲ್ ಮತ್ತು ಬಾಗಿಲಿನ ಡ್ರೈನ್ ತೂತಿಗೆ ಮಾಸ್ಕಿಂಗ್ ಟೇಪ್ ಹಾಕಿರ್ತಾರೆ. ಜೂನಿಗೆ ಮೊದಲು ಅದನ್ನೆಲ್ಲ ಎಣಿಸಿ ತೆಗೆಯಿರಿ.